ಹಕ್ಕಿ ಬಿದ್ದ ಜಾಗ

ಸ್ಯಾನ್ ರಮೋನ್
ಜೂನ್ 8, 2025

ಶ್ರೀಕಂಠಣ್ಣನವರಿಗೆ ಕೆಂಪಮ್ಮನ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನು ಇರುವಾಗ ಕಾಗದ ಯಾಕೆ ಅಂತ ನಿಮಗೆ ಅನ್ನಿಸಬಹುದು. ಜನವರಿಯಲ್ಲಿ ನಮ್ಮನೆಯವರು ಹೋದಮೇಲೆ ನಿಮಗೆ ಎಷ್ಟೋ ಸಲ ಫೋನು ಮಾಡಿದೆ. ಪ್ರತಿ ಸಲವೂ ನಾನೇ ಮಾತಾಡಿದೆ, ನೀವು ಹ್ಞೂ ಅಂದಿರಿ. ಒಂದು ಸಲ ಉಹ್ಞೂ ಅಂದಿರಿ. ಇವರು ಹೇಳುತ್ತಿದ್ದರು: “ಅವ್ನು ಮಾತಲ್ಲಿ ಜಿಪುಣ ಕಣೇ, ಬರೆಯೋಕೆ ಕೂತ್ರೆ ಧಾರಾಳಿ. ಆಫೀಸಲ್ಲಿ ಅವನ ಈಮೇಲು ಓದಿ ಮುಗಿಸೋಕೆ ಒಂದು ಕಾಫಿ ಬೇಕಾಯ್ತದೆ.” ಅದಕ್ಕೇ ಬರೆಯುತ್ತಿದ್ದೇನೆ. ನೀವೂ ಬರೆದೇ ಉತ್ತರ ಕೊಡಬೇಕು. ಮಗಳು ನಿಸರ್ಗಾ, ಅಳಿಯ ಗೌತಮ್ ಇಬ್ಬರೂ ಮನೆಯಿಂದಲೇ ಆಫೀಸು ಮಾಡುವವರು, ಫೋನಿನಲ್ಲಿ ನಾನು ಆಡುವ ಮಾತೆಲ್ಲ ಅವರ ಕಿವಿಗೆ ಬೀಳುತ್ತದೆ. ಕನ್ನಡದ ಕಾಗದವಾದರೆ ಮೇಜಿನ ಮೇಲೆ ಬಿಚ್ಚಿಟ್ಟಿದ್ದರೂ ಭಯವಿಲ್ಲ. ಇಬ್ಬರಿಗೂ ಓದಲು ಬರುವುದಿಲ್ಲ.

ಸಾಂಟಾ ಕ್ಲಾರಾದ ಮನೆಯನ್ನು ಬಾಡಿಗೆಗೆ ಕೊಟ್ಟು ಇಲ್ಲಿಗೆ ಬಂದೆನಲ್ಲ, ಇವರ ಸಾಮಾನೆಲ್ಲ ಈಗ ಮಗಳ ಗರಾಜಿನಲ್ಲಿದೆ. ಕೂರುವ ಬಕೆಟ್ಟು, ಟೋಪಿ, ಐಸ್ ಪೆಟ್ಟಿಗೆ, ಬೀಗ ಹಾಕಿದ ಡಬ್ಬದಲ್ಲಿ ಕೋವಿ. “ಇದನ್ನ ಏನ್ ಮಾಡೋಣ ಅತ್ತೆ?” ಅಂತ ಗೌತಮ್ ಕೇಳುತ್ತಾನೆ, ಡಬ್ಬದೊಳಗೆ ಹಾವಿದೆಯೇನೋ ಅನ್ನುವ ಹಾಗೆ ದೂರ ನಿಂತು.

ಈಗ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ ಒಂದಕ್ಕೆ ಬೆಳವದ ಬೇಟೆ ಶುರುವಾಗುತ್ತದೆ. ಆ ಮೊದಲ ದಿನ ನೀವಿಬ್ಬರೂ ಬೈರನ್ ಊರಿನ ಹೊಲಕ್ಕೆ ಹೋಗುತ್ತಿದ್ದಿರಿ. ಮೊಟ್ಟೆಯನ್ನೂ ಮುಟ್ಟದ ನೀವು ಬೇಟೆಗೆ ಯಾಕೆ ಹೋಗುತ್ತೀರಿ ಅಂತ ನಾನು ಕೇಳಿದವಳಲ್ಲ. ಇವರಿಗೆ ಒಂದು ಡಬ್ಬಿ, ನಿಮಗೆ ಬೇರೆ ಡಬ್ಬಿ ಕಟ್ಟಿ ಕಳಿಸುತ್ತಿದ್ದೆ. ಇವರು ಹಕ್ಕಿಯನ್ನು ಯಾವಾಗಲೂ ಇಡಿಯಾಗಿ ತರುತ್ತಿದ್ದರು. ಇಬ್ಬರೂ ಹಿತ್ತಲಲ್ಲಿ ಕೂತು ಪುಕ್ಕ ಕೀಳುತ್ತಿದ್ದೆವು. ಒಲೆಯ ಉರಿಯಲ್ಲಿ ಸುಡುವಾಗ ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳುತ್ತಿತ್ತು, ಇವರು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದರು. ಆಮೇಲೆ ಅರಿಶಿನ ಹಚ್ಚಿ, ಮೂಳೆ ಸಮೇತ ಸಾರು, ಮುದ್ದೆ.

ಹೋದ ವರ್ಷ ತಂದದ್ದು ಚರ್ಮ ಸುಲಿದ ಬರೀ ಎದೆ. ಒಂದೊಂದಕ್ಕೂ ಒಂದೇ ಒಂದು ರೆಕ್ಕೆ ಅಂಟಿಕೊಂಡಿತ್ತು. ಜಿಪ್ ಚೀಲದಲ್ಲಿ, ಅಂಗಡಿಯಿಂದ ತಂದ ಹಾಗೆ. “ಇದೇನ್ರೀ ಹಿಂಗೆ?” ಅಂದೆ. “ಇಲ್ಲಿಯೋರೆಲ್ಲ ಹಿಂಗೇ ಮಾಡೋದು, ನಾವೂ ನೋಡಾಣ ಅಂತ” ಅಂದರು. ಅವು ಇವರು ಹೊಡೆದ ಹಕ್ಕಿಗಳಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. ಸಾರು ಮಾಡಿದೆ, ಉಂಡೆವು. ಕೇಳಲಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಆ ದಿನ ಇವರು ಹೊಲಕ್ಕೆ ಬಂದಿದ್ದರೇ? ಅದರ ಹಿಂದಿನ ವರ್ಷಗಳಲ್ಲಿ? ಬೇರೆ ಎಲ್ಲಿಗಾದರೂ ಹೋಗುತ್ತಿದ್ದರೇ? ಗಂಡ ಸತ್ತಮೇಲೆ ಇಂಥದ್ದನ್ನು ಕೇಳುವವಳಿಗೆ ಬುದ್ಧಿ ನೆಟ್ಟಗಿಲ್ಲ ಅನ್ನಿಸಿದರೆ ಅನ್ನಿಸಲಿ. ಬದುಕಿದ್ದಾಗ ಕೇಳದೆ ಬಿಟ್ಟದ್ದು ಈಗ ನಿದ್ದೆ ಕೊಡುತ್ತಿಲ್ಲ.

ಉತ್ತರದ ದಾರಿ ನೋಡುತ್ತಿರುವ,
ಕೆಂಪಮ್ಮ


ಸಾಂಟಾ ಕ್ಲಾರಾ
ಜೂನ್ 21, 2025

ಕೆಂಪಮ್ಮನವರಿಗೆ ವಂದನೆಗಳು.

ನಿಮ್ಮ ಪ್ರಶ್ನೆಗೆ ಮೊದಲು ಉತ್ತರ, ಉಳಿದದ್ದು ಆಮೇಲೆ. ಹೋದ ವರ್ಷ ಸೆಪ್ಟೆಂಬರ್ ಒಂದರಂದು ದೇವರಾಜು ಹೊಲಕ್ಕೆ ಬಂದಿದ್ದ. ಹಿಂದಿನ ಎಲ್ಲ ವರ್ಷಗಳಲ್ಲೂ ಅಲ್ಲಿಗೇ ಬಂದ, ಬೇರೆಲ್ಲಿಗೂ ಹೋಗಲಿಲ್ಲ. ನಾನು ಪಕ್ಕದಲ್ಲಿದ್ದೆ.

ಹಕ್ಕಿಗಳು ಅವನು ಹೊಡೆದವಲ್ಲ ಎಂಬ ನಿಮ್ಮ ಊಹೆ ಸರಿ. ಅದರ ಹಿಂದಿನ ಕಥೆ ಇಷ್ಟೆ. ಎಂದಿನಂತೆ ಕೊಯ್ದ ಗೋಧಿಯ ಹೊಲದ ಅಂಚಿನಲ್ಲಿ ಬಕೆಟ್ ಹಾಕಿಕೊಂಡು ಕೂತೆವು. ಬೆಳಕು ಹರಿಯಿತು, ಸುತ್ತಲಿನವರ ಕೋವಿಗಳು ಸದ್ದು ಮಾಡತೊಡಗಿದವು. ವಿದ್ಯುತ್ ತಂತಿಯ ಕಡೆಯಿಂದ ಬೆಳವಗಳು ನಮ್ಮ ತಲೆಯ ಮೇಲೆಯೇ ಬಂದವು. ಅವನು ಕೋವಿ ಎತ್ತಲು ಹೋದ, ಎದೆಯ ಮಟ್ಟಕ್ಕೆ ಬಂದಾಗ ತೋಳು ನಿಂತಿತು. ಆ ವರ್ಷವೆಲ್ಲ ಅವನ ಭುಜ ಹಿಡಿದುಕೊಂಡಿದ್ದುದು ನಿಮಗೆ ತಿಳಿದೇ ಇದೆ. ಇನ್ನೊಮ್ಮೆ ಪ್ರಯತ್ನಿಸಿದ. ಆಮೇಲೆ ತೋಟಾ ತೆಗೆದು, ಕೋವಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, “ಈ ಸಲ ಬರೀ ನೋಡಾಣ ಕಣಯ್ಯ” ಎಂದ. ಬಿಸಿಲೇರುವವರೆಗೆ ನೋಡಿದೆವು.

ಹೊರಡುವಾಗ ಅವನಿಗೆ ಚಿಂತೆ ಹತ್ತಿತು. “ಈ ಭುಜ ಇಟ್ಕೊಂಡು ಹೋಗ್ಬೇಡಿ ಅಂದಿದ್ಲು. ಮಸಾಲೆ ಬೇರೆ ಅರೆದಿಟ್ಟಿರ್ತಾಳೆ. ಬರಿಗೈಲಿ ಹೋಗಿ ಏನ್ ಹೇಳ್ಲಿ?” ಎಂದ. ನಮ್ಮ ಪಕ್ಕದ ಜಾಗದಲ್ಲಿ ಪ್ರತಿ ವರ್ಷ ಡೆನಿಸ್ ಎಂಬಾಕೆ ತನ್ನ ನಾಯಿಯೊಡನೆ ಕೂರುತ್ತಾಳೆ, ಶಾಲಾ ಬಸ್ ಓಡಿಸಿ ನಿವೃತ್ತಳಾದವಳು. ನಾನು ಹೋಗಿ ಆಕೆಯನ್ನು ಕೇಳಿದೆ. ಮಾಂಸ ಬೇಡಿದ್ದು ಜೀವನದಲ್ಲಿ ಅದೊಂದೇ ಸಲ. ಇಲ್ಲಿಯ ಅನೇಕರು ಎದೆಯ ಭಾಗ ಮಾತ್ರ ಇಟ್ಟುಕೊಳ್ಳುತ್ತಾರೆ. ಯಾವ ಹಕ್ಕಿ ಎಂದು ಗುರುತು ಸಿಗಲು ಒಂದು ರೆಕ್ಕೆ ಬಿಟ್ಟಿರಬೇಕೆಂಬುದು ಕಾನೂನು. ಆಕೆ ಆಗಲೇ ಸುಲಿದು ಮುಗಿಸಿದ್ದಳು. ನನ್ನ ಕಣ್ಣಿಗೆ ಅವೂ ಹಕ್ಕಿಗಳೇ. ತಂದು ಕೊಟ್ಟೆ.

ದೇವರಾಜು ಚೀಲ ನೋಡಿ ಹಣೆ ಚಚ್ಚಿಕೊಂಡ. “ಪುಣ್ಯಾತ್ಮ! ಬೆನ್ನೆಲ್ಲಯ್ಯ? ಕಾಲೆಲ್ಲಯ್ಯ? ಇದನ್ನ ನೋಡಿದ ತಕ್ಷಣ ಕೆಂಪಿ ಕಂಡುಹಿಡೀತಾಳೆ.”

“ಬದಲಾಯಿಸಿಕೊಂಡು ಬರಲೇ?” ಎಂದೆ.

“ಇದೇನು ಶರ್ಟೇನಯ್ಯ ಬದಲಾಯಿಸೋಕೆ!”

ನಡೆದದ್ದು ಇಷ್ಟು. ನಿಮ್ಮ ಮನಸ್ಸಿಗೆ ನೆಮ್ಮದಿಯಾದೀತೆಂದು ನಂಬಿದ್ದೇನೆ.

ಶ್ರೀಕಂಠ


ಸ್ಯಾನ್ ರಮೋನ್
ಜೂನ್ 29, 2025

ಶ್ರೀಕಂಠಣ್ಣ,

ನಿಮ್ಮ ಕಾಗದ ಓದಿ ಒಬ್ಬಳೇ ನಕ್ಕೆ. ನಿಸರ್ಗಾ ಮೀಟಿಂಗು ಮ್ಯೂಟ್ ಮಾಡಿ, “ಅಮ್ಮಾ, ಆರ್ ಯು ಓಕೇ?” ಅಂತ ಬಾಗಿಲಲ್ಲಿ ಇಣುಕಿದಳು. ನಕ್ಕರೆ ಮಕ್ಕಳು ಹೆದರುವ ಕಾಲ ಬಂದಿದೆ ನನಗೆ.

ಕೆಂಪಿ ಅನ್ನುತ್ತಿದ್ದರೇ ಇವರು? ಮದುವೆಯಾದ ಹೊಸದರಲ್ಲಿ ಅನ್ನುತ್ತಿದ್ದರು. ಆಮೇಲೆ ಯಾವಾಗಲೋ ಅದು ನಿಂತುಹೋಯಿತು, “ಇವ್ಳೆ” ಅಂತಲೋ “ಕೇಳಿಸ್ತಾ” ಅಂತಲೋ ಕರೆಯುತ್ತಿದ್ದರು. ಹೊಲದಲ್ಲಿ, ನಿಮ್ಮೆದುರು ಅನ್ನುತ್ತಿದ್ದರು ಅಂತ ಈಗ ತಿಳಿಯಿತು. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಆದರೆ ಓದುತ್ತಾ ಓದುತ್ತಾ ಇನ್ನೊಂದು ಸಾಲಿನಲ್ಲಿ ಎಡವಿದೆ. ಡೆನಿಸ್ ಹೆಂಗಸಲ್ಲವೇ?

ನಿಸರ್ಗಾ ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ನಾನೂ ಹೊರಟಿದ್ದೆ. ಇವರು ಟೋಪಿ ಒಗೆದು ಒಣಗಿಸುತ್ತಿದ್ದರು.

“ಈ ಸಲ ನಾನೂ ಬತ್ತೀನಿ,” ಅಂದೆ.

“ಎಲ್ಲಿಗೆ?”

“ಹೊಲಕ್ಕೆ. ನಿಮ್ ಜೊತೆ.”

“ಅಲ್ಲಿಗೆ ಹೆಂಗಸ್ರು ಯಾರೂ ಬರಲ್ಲ ಕಣೇ. ಗಂಡಸ್ರು ಬಯಲಲ್ಲೇ ನಿಂತ್ಕತಾರೆ. ನಿಂಗ್ ಸರಿಹೋಗಲ್ಲ.”

ನಾನು ನಂಬಿದೆ. ಮಂಡ್ಯದ ಹತ್ತಿರ ನಮ್ಮಪ್ಪನ ಹೊಲದಲ್ಲಿ ಜೋಳ ಕಾಯುತ್ತಾ ಚಾಟರಬಿಲ್ಲಿನಲ್ಲಿ ಹಕ್ಕಿ ಹೊಡೆದವಳು ನಾನು. ನನ್ನ ಗುರಿಯ ಮುಂದೆ ಇವರದು ಏನೂ ಇಲ್ಲ. ಆದರೂ ಹೆಂಗಸರು ಬರುವುದಿಲ್ಲ ಅಂದರೆ ಬರುವುದಿಲ್ಲ ಅಂತ ಮತ್ತೆ ಬಾಯಿ ತೆಗೆಯಲಿಲ್ಲ. ಆಗಲೂ ಆ ಡೆನಿಸ್ ಪಕ್ಕದಲ್ಲೇ ಕೂತಿದ್ದಳು, ಅಲ್ಲವೇ?

ವರ್ಷದಲ್ಲಿ ಒಂದು ದಿನ. ತೋಳು ಏಳದಿದ್ದರೂ, ಒಂದು ಹಕ್ಕಿ ಹೊಡೆಯಲು ಆಗದಿದ್ದರೂ ಹೋಗಲೇಬೇಕಾದ ದಿನ. ನನಗೆ ಸುಳ್ಳು ಹೇಳಿ ದೂರ ಇಡಬೇಕಾದ ದಿನ. ಅಲ್ಲಿ ಏನಿತ್ತು? ನನ್ನಿಂದ ಒಂದು ದಿನವಾದರೂ ತಪ್ಪಿಸಿಕೊಳ್ಳಬೇಕು ಅನ್ನಿಸುತ್ತಿತ್ತೇ ಇವರಿಗೆ? ಇದ್ದರೆ ಹಾಗೇ ಬರೆಯಿರಿ. ಮಾತು ಜಾಸ್ತಿ ನಂದು, ನನಗೂ ಗೊತ್ತು.

ಕೆಂಪಮ್ಮ


ಸಾಂಟಾ ಕ್ಲಾರಾ
ಜುಲೈ 12, 2025

ಕೆಂಪಮ್ಮನವರಿಗೆ,

ಡೆನಿಸ್ ಹೆಂಗಸೇ. ನಾನು ಮೊದಲು ಹೋದ ವರ್ಷದಿಂದಲೂ ಆಕೆ ಅಲ್ಲಿದ್ದಾಳೆ. ಇನ್ನೂ ಕೆಲವು ಹೆಂಗಸರು ಬರುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆಗೆ “ನನಗೆ ತಿಳಿಯದು” ಎಂದು ಬರೆದು, ಲಕೋಟೆ ಅಂಟಿಸಿ, ಅಂಚೆ ಪೆಟ್ಟಿಗೆಯವರೆಗೂ ಹೋಗಿ ವಾಪಸು ಬಂದೆ. ಅದು ನಿಜವಲ್ಲ. ನನಗೆ ತಿಳಿದಿದೆ. ಬರೆಯಲು ಸ್ವಲ್ಪ ಸಮಯ ಕೊಡಿ.

ಶ್ರೀಕಂಠ


ಸ್ಯಾನ್ ರಮೋನ್
ಜುಲೈ 20, 2025

ಶ್ರೀಕಂಠಣ್ಣ,

ಸಮಯ ಕೊಡಿ ಅಂತ ಬರೆದಿದ್ದೀರಿ. ನನ್ನ ಹತ್ತಿರ ಇರುವುದು ಅದೊಂದೇ, ಬೇಕಾದಷ್ಟು ತೆಗೆದುಕೊಳ್ಳಿ. ಬೆಳಿಗ್ಗೆ ಇಲ್ಲಿಯ ಕಾಲುದಾರಿಯಲ್ಲಿ ನಡೆಯುತ್ತೇನೆ, ಮಧ್ಯಾಹ್ನ ಪಲ್ಯಕ್ಕೆ ಹೆಚ್ಚುತ್ತೇನೆ, ಸಂಜೆ ನಮ್ಮ ಕಡೆಯ ಹೆಂಗಸರು ಪಾರ್ಕಿನಲ್ಲಿ ಸೇರುತ್ತಾರೆ. ಎಲ್ಲರೂ ತಮ್ಮ ತಮ್ಮ ಗಂಡಂದಿರನ್ನು ಬೈಯುತ್ತಾರೆ. ನಾನು ಬೈಯಲು ಶುರು ಮಾಡಿದರೆ ಅವರೆಲ್ಲ ಸುಮ್ಮನಾಗಿಬಿಡುತ್ತಾರೆ. ಅದೊಂದು ಸುಖವೂ ಹೋಯಿತು.

ನಿನ್ನೆ ಬೇಲಿಯ ಮೇಲೆ ಒಂದು ಬೆಳವ ಕೂತಿತ್ತು. ಎಷ್ಟು ಬೈದರೂ ಹಾರಲಿಲ್ಲ.

ನೀವು ಬರೆಯದೆ ಹೋದರೆ ನಾನೇ ಏನಾದರೂ ಅಂದುಕೊಳ್ಳುತ್ತೇನೆ. ನಾನು ಅಂದುಕೊಳ್ಳುವುದು ನಿಜಕ್ಕಿಂತ ಕೆಟ್ಟದ್ದೇ ಇರುತ್ತದೆ.

ಕೆಂಪಮ್ಮ


ಸಾಂಟಾ ಕ್ಲಾರಾ
ಆಗಸ್ಟ್ 3, 2025

ಕೆಂಪಮ್ಮನವರಿಗೆ,

ನಾನು ಕಾದಂಬರಿ ಓದುವವನು, ಹೆಚ್ಚಾಗಿ ಅನುವಾದಗಳನ್ನು. ಯಾವುದೋ ದೇಶದವರ ಸಂಕಟವನ್ನು ಇನ್ಯಾರದೋ ಮಾತಿನಲ್ಲಿ ಓದುವುದು ನನಗೆ ಸುಲಭ. ನನ್ನದನ್ನು ನನ್ನ ಭಾಷೆಯಲ್ಲಿ ಬರೆದು ಅಭ್ಯಾಸವಿಲ್ಲ. ಆದ್ದರಿಂದ ಒಂದೇ ಸಲಕ್ಕೆ ಬರೆದುಬಿಡುತ್ತೇನೆ, ತಿದ್ದುವುದಿಲ್ಲ.

ನಿರುಪಮಾ ನನ್ನನ್ನು ಬಿಟ್ಟು ಹೋದದ್ದು ನಿಮಗೆ ಗೊತ್ತು. ಸಿಯಾಟಲ್‌ನಲ್ಲಿ ಅವಳಿಗೆ ಕೆಲಸ ಸಿಕ್ಕಿದೆ ಎಂದು ಹೇಳಿಕೊಂಡು ಕೆಲವು ಕಾಲ ತಳ್ಳಿದೆ, ಆಮೇಲೆ ಯಾರೂ ಕೇಳಲಿಲ್ಲ. ಅವಳು ಹೋದದ್ದು ಯಾವಾಗ ಎಂಬುದು ಮಾತ್ರ ನಿಮಗೆ ಗೊತ್ತಿರಲಾರದು. ಅದು ಆಗಸ್ಟಿನ ಕೊನೆಯ ವಾರ. ನಿಸರ್ಗಾ ಆಗ ಇನ್ನೂ ಮಿಡ್ಲ್ ಸ್ಕೂಲು. ಆ ವರ್ಷವೂ ಈ ವರ್ಷದಂತೆ ಸೆಪ್ಟೆಂಬರ್ ಒಂದು ಸೋಮವಾರವಾಗಿತ್ತು, ಲೇಬರ್ ಡೇ ರಜೆ. ಆಫೀಸು ಇಲ್ಲದ ಮೂರು ದಿನ ನಾನು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಭಾನುವಾರ ಸಂಜೆ ದೇವರಾಜು ಐಸ್ ಪೆಟ್ಟಿಗೆ ಕೇಳಿಕೊಂಡು ಬಂದ. ಬಾಗಿಲು ತೆರೆಯಬಾರದು ಎಂದುಕೊಂಡೆ. ಒಂದು ಸಲ ಗಂಟೆ ಒತ್ತಿ ಹಿಂದಿರುಗುವ ಮನುಷ್ಯನಲ್ಲ ಅವನು. ಒಳಗೆ ಬಂದವನು ಅಡುಗೆಮನೆಯ ಮೇಜಿನ ಮೇಲೆ ಇದ್ದುದನ್ನು ನೋಡಿದ. ಅದೇನೆಂದು ನಾನು ಬರೆಯುವುದಿಲ್ಲ. ಅವನೂ ಕೇಳಲಿಲ್ಲ. ಅದನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡು ಕಾಫಿಗೆ ನೀರಿಟ್ಟ. ಸಕ್ಕರೆ ಸಿಗಲಿಲ್ಲವೆಂದು ಕಪಾಟುಗಳನ್ನೆಲ್ಲ ತೆರೆದು ಹಾಗೆಯೇ ಬಿಟ್ಟ.

“ನಾಳೆ ನನ್ ಜೊತೆ ಬಾ,” ಎಂದ.

“ನಾನು ಬಂದು ಏನು ಮಾಡಲಿ? ನನ್ನ ಕೈಲಿ ಹಿಂಸೆ ಆಗುವುದಿಲ್ಲ.”

“ನಿನ್ನ ಯಾರು ಹೊಡಿ ಅಂದ್ರು? ಹಕ್ಕಿ ಬಿದ್ದಿದ್ ಜಾಗ ನೋಡ್ಕಳೋಕೆ ಒಬ್ರು ಬೇಕು. ಒಂದು ಹೊಡೆಯೋದ್ರೊಳಗೆ ನನ್ ಕಣ್ಣು ಇನ್ನೊಂದರ ಮೇಲೆ ಹೋಗ್ಬುಡ್ತದೆ.”

ನಿಮಗೆ ಫೋನು ಮಾಡಿ, ಬೆಳಿಗ್ಗೆ ಬೇಗ ಹೊರಡಬೇಕು, ಇಲ್ಲೇ ಮಲಗುತ್ತೇನೆ ಎಂದ. ನಿಮಗೆ ನೆನಪಿರಬಹುದು. ನಮ್ಮ ಸೋಫಾದ ಮೇಲೆ ಗೊರಕೆ ಹೊಡೆದ. ನಸುಕಿನಲ್ಲಿ ಹೊರಟಾಗ ನಿಮ್ಮ ಮನೆಯಲ್ಲಿ ನಿಂತು ಕೋವಿಯನ್ನೂ ಡಬ್ಬಿಗಳನ್ನೂ ತೆಗೆದುಕೊಂಡ.

ಬೆಳವಕ್ಕೆ ಮಣ್ಣಿನದೇ ಬಣ್ಣ. ಕೊಯ್ದ ಹೊಲದ ಕೂಳೆಯಲ್ಲಿ ಬಿತ್ತೆಂದರೆ, ಕಣ್ಣು ಒಂದು ಕ್ಷಣ ಹೊರಳಿದರೂ ಮತ್ತೆ ಸಿಗದು. ಬಿದ್ದ ಜಾಗದ ಮೇಲೆ ಕಣ್ಣು ನೆಟ್ಟು, ಅದನ್ನು ಕೀಳದೆ, ನೇರವಾಗಿ ನಡೆದು ಹೋಗಬೇಕು. ಹಾಗೆ ನಡೆಯುತ್ತಿರುವಾಗ ಬೇರೇನನ್ನೂ ಯೋಚಿಸಲು ಆಗುವುದಿಲ್ಲ. ಆ ಬೆಳಿಗ್ಗೆ ನಾನು ಅಷ್ಟನ್ನು ಮಾಡಿದೆ. ಮಧ್ಯಾಹ್ನ ನಿಮ್ಮ ಡಬ್ಬಿಯ ಚಿತ್ರಾನ್ನ ತಿಂದೆ, ನಾಲ್ಕು ದಿನಗಳ ನಂತರ ತಿಂದ ಅನ್ನ ಅದು.

ಮರುವರ್ಷ ಆಗಸ್ಟ್ ಮೂವತ್ತೊಂದರ ಸಂಜೆ ಮತ್ತೆ ಬಂದ. ಅದರ ಮರುವರ್ಷವೂ. ಒಂದು ವರ್ಷ ನಾನು ಪುಸ್ತಕ ತೆಗೆದುಕೊಂಡು ಹೋದೆ. “ಓದ್ತಾ ಕೂತ್ರೆ ಹಕ್ಕಿ ಯಾರು ನೋಡ್ತಾರಯ್ಯ? ಆ ರಷ್ಯಾದೋರು ಎಲ್ಲೂ ಓಡೋಗಲ್ಲ, ಮುಚ್ಚಿಡು,” ಎಂದ. ಆ ಸಂಜೆಯ ಬಗ್ಗೆ ನಾವು ಒಂದು ಮಾತೂ ಆಡಲಿಲ್ಲ. ಅಲ್ಲಿ ಹೆಚ್ಚು ಮಾತೇ ಇರುತ್ತಿರಲಿಲ್ಲ.

ಯಾರಿಗೂ ಹೇಳಬೇಡ ಎಂದು ನಾನು ಮೊದಲ ದಿನವೇ ಕೇಳಿಕೊಂಡಿದ್ದೆ. “ಮನೆಯಲ್ಲೂ ಹೇಳಬೇಡ” ಎಂದಿದ್ದೆ. “ಹೇಳಲ್ಲ ಬುಡು” ಎಂದಿದ್ದ. ಆ ಮಾತನ್ನು ಉಳಿಸಿಕೊಳ್ಳಲು ನಿಮಗೆ ಸುಳ್ಳು ಹೇಳಬೇಕಾಗಿ ಬಂತೆಂದು ನನಗೆ ತಿಳಿದದ್ದು ನಿಮ್ಮ ಕಾಗದದಿಂದಲೇ.

ಇನ್ನೊಂದು ವಿಷಯ. ಇಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ಕೋವಿಯನ್ನು ನನ್ನ ಕೈಗೆ ಕೊಡಲಿಲ್ಲ. ಬೇಲಿ ದಾಟುವಾಗ ಎರಡು ಕೈಯೂ ಬೇಕು. ತೋಟಾ ತೆಗೆದು, ಕೋವಿಯನ್ನು ತಂತಿಯ ಕೆಳಗೆ ನೆಲದ ಮೇಲೆ ಮಲಗಿಸಿ, ತಾನು ದಾಟಿ, ಆಚೆಯಿಂದ ಬಗ್ಗಿ ಎಳೆದುಕೊಳ್ಳುತ್ತಿದ್ದ. ನಾನು ಅಲ್ಲೇ ಖಾಲಿ ಕೈಯಲ್ಲಿ ನಿಂತಿರುತ್ತಿದ್ದೆ. ನನ್ನ ಮಡಿ ಕಾಪಾಡುತ್ತಿದ್ದಾನೆ ಎಂದೇ ಬಹಳ ವರ್ಷ ಅಂದುಕೊಂಡಿದ್ದೆ.

ನಿಮ್ಮಿಂದ ದೂರವಿರಲು ಅವನಿಗೆ ಒಂದು ದಿನ ಬೇಕಿರಲಿಲ್ಲ. ತೋಳು ಏಳದಿದ್ದರೂ ಬಂದದ್ದು ನನಗಾಗಿ. ಆ ದಿನ ನಿಮಗೆ ಸೇರಬೇಕಾಗಿದ್ದರೆ, ಅದನ್ನು ಇಟ್ಟುಕೊಂಡವನು ನಾನು.

ಶ್ರೀಕಂಠ


ಸಾಂಟಾ ಕ್ಲಾರಾ
ಆಗಸ್ಟ್ 19, 2025

ಕೆಂಪಮ್ಮನವರಿಗೆ,

ನಿಮ್ಮ ಉತ್ತರ ಬಂದಿಲ್ಲ. ಬರಲೇಬೇಕೆಂದು ಕೇಳುವ ಅಧಿಕಾರ ನನಗಿಲ್ಲ.

ಹೊಲದ ಯಜಮಾನರು ಫೋನು ಮಾಡಿದ್ದರು. ಈ ವರ್ಷ ಗೋಧಿಯ ಪಕ್ಕದಲ್ಲಿ ಕುಸುಬೆ ಹಾಕಿದ್ದಾರಂತೆ, ಬೆಳವ ಬಹಳ ಇವೆಯಂತೆ. ದೇವರಾಜು ಹೋದದ್ದು ಅವರಿಗೆ ತಿಳಿದಿರಲಿಲ್ಲ. “ಇಬ್ಬರೇ ತಾನೇ, ಯಾವಾಗಲಿನ ಹಾಗೆ?” ಎಂದು ಕೇಳಿದರು. ಇಬ್ಬರು ಎಂದುಬಿಟ್ಟೆ.

ನೀವು ಬರುವಿರಾ?

ಶ್ರೀಕಂಠ


ಸ್ಯಾನ್ ರಮೋನ್
ಆಗಸ್ಟ್ 25, 2025

ಶ್ರೀಕಂಠಣ್ಣ,

ಬರೆಯಲಿಲ್ಲ, ನಿಜ. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ ಇವರ ಮೇಲೆ ಬಂತು. ಎಷ್ಟು ಸಿಟ್ಟು ಅಂದರೆ ಫೋಟೋಗೆ ಎರಡು ದಿನ ಹೂವಿಡಲಿಲ್ಲ. ನಿಸರ್ಗಾ ತಾನೇ ಇಟ್ಟಳು.

ನನಗೆ ಹೇಳಬಹುದಿತ್ತು. ನಾನೇನು ಪಾರ್ಕಿನಲ್ಲಿ ಟಾಂಟಾಂ ಹೊಡೆಯುತ್ತಿದ್ದೆನೇ? ಹೊಡೆಯುತ್ತಿದ್ದೆನೇನೋ. ಆಗ ನನಗೂ ವಯಸ್ಸು ಕಡಿಮೆ, ನಿರುಪಮಾ ಬಿಟ್ಟುಹೋದ ಸುದ್ದಿ ದೊಡ್ಡ ಸುದ್ದಿ. ಇವರಿಗೆ ನನ್ನ ಗುಣ ಗೊತ್ತಿತ್ತು ಅನ್ನುವುದೇ ಈಗ ಚುಚ್ಚುತ್ತಿದೆ. ಆ ರಾತ್ರಿಯ ಫೋನು ನೆನಪಿದೆ. “ಯಾಕೆ, ಮನೆಗೆ ಬಂದು ಮಲಗಿದ್ರೆ ಹಕ್ಕಿ ಹಾರೋಯ್ತವಾ?” ಅಂತ ರೇಗಿದ್ದೆ.

ಒಂದನೇ ತಾರೀಖು ಬರುತ್ತೇನೆ. ಕೋವಿ ಬೇಡ, ನನ್ನ ಹೆಸರಲ್ಲಿ ಲೈಸೆನ್ಸು ಇಲ್ಲ, ಆ ಡಬ್ಬ ತೆರೆಯುವ ಮನಸ್ಸೂ ಇಲ್ಲ. ಬಕೆಟ್ಟು ತರುತ್ತೇನೆ. ಇವರು ಎಲ್ಲಿ ಕೂರುತ್ತಿದ್ದರೋ ಅಲ್ಲೇ ಕೂರಿಸಬೇಕು. ಮನೆ ಮುಂದೆ ಹಾರನ್ ಹೊಡೆಯಬೇಡಿ, ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಕೆಂಪಮ್ಮ


ಸ್ಯಾನ್ ರಮೋನ್
ಸೆಪ್ಟೆಂಬರ್ 4, 2025

ಶ್ರೀಕಂಠಣ್ಣ,

ನೀವೂ ಅಲ್ಲೇ ಇದ್ದಿರಿ, ನಡೆದದ್ದೆಲ್ಲ ನಿಮಗೆ ಗೊತ್ತು. ಆದರೂ ಬರೆಯುತ್ತೇನೆ. ನಿಮಗೆ ಕಾಣದೇ ಇದ್ದದ್ದು ಸ್ವಲ್ಪ ಇದೆ.

ಲಿವರ್‌ಮೋರ್ ದಾಟಿ ಗಾಳಿಯಂತ್ರಗಳ ಗುಡ್ಡ ಹತ್ತುವಾಗ ನೀವು ಒಂದು ಮಾತೂ ಆಡಲಿಲ್ಲ, ನಾನು ಬಾಯಿ ಮುಚ್ಚಲಿಲ್ಲ. ಹೆದರಿಕೆಯಾದಾಗ ನಾನು ಹಾಗೇ. ಅಲ್ಲಿ ಹೋಗಿ ಇವರ ಜಾಗದಲ್ಲಿ ಕೂತರೆ ಏನೋ ಆಗುತ್ತದೆ, ಇವರು ಪಕ್ಕದಲ್ಲಿದ್ದ ಹಾಗೆ ಅನ್ನಿಸುತ್ತದೆ ಅಂತ ತಿಂಗಳುಗಟ್ಟಲೆ ಕಾದಿದ್ದೆ.

ಡೆನಿಸ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡು “ಡೇವ್ಸ್ ವೈಫ್!” ಅಂದಳು. ಅಲ್ಲಿ ಇವರು ಡೇವ್ ಅಂತೆ. ನನಗೆ ಗೊತ್ತಿಲ್ಲದ ಇನ್ನೊಂದು ಹೆಸರು. ಆ ಹೆಂಗಸಿನ ಮೇಲೆ ಜೂನಿನಿಂದ ಹೊಟ್ಟೆಯುರಿ ಇಟ್ಟುಕೊಂಡಿದ್ದೆ. ನೋಡಿದರೆ ನಮ್ಮ ಅತ್ತೆಯ ಹಾಗೆ ಮಂಡಿ ನೋವು, ಏಳುವಾಗ ಕೂರುವಾಗ ಅಯ್ಯೋ ಅನ್ನುವುದು ಇಂಗ್ಲಿಷಿನಲ್ಲಿ.

ಬೆಳಕಾಯಿತು. ಸುತ್ತಲೂ ಸರಪಟಾಕಿ ಹಚ್ಚಿದ ಹಾಗೆ ಸದ್ದು. ಹಕ್ಕಿಗಳು ಬಂದವು, ಅಷ್ಟು ಜೋರಾಗಿ, ಅಷ್ಟು ಕೆಳಗೆ, ರೆಕ್ಕೆಯಿಂದ ಸಿಳ್ಳೆ ಹೊಡೆಯುತ್ತಾ. ನಾನು ಇವರನ್ನು ಹುಡುಕಿದೆ. ಎಲ್ಲ ಕಡೆ ನೋಡಿದೆ ಅಣ್ಣ. ಆ ತಂತಿ, ಆ ಬೇಲಿ, ನೀವು. ಇವರು ಇರಲಿಲ್ಲ. ಮನೆಯಲ್ಲಿ ಇಲ್ಲದ ಹಾಗೆಯೇ ಅಲ್ಲೂ ಇರಲಿಲ್ಲ. ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಅತ್ತದ್ದು ನಿಮಗೆ ಕಾಣಲಿಲ್ಲ ಅಂದುಕೊಂಡಿದ್ದೇನೆ. ಕಂಡಿದ್ದರೂ ನೀವು ಹೇಳುವವರಲ್ಲ.

ಆಮೇಲೆ ಡೆನಿಸ್ ಹೊಡೆದ ಹಕ್ಕಿ ಕುಸುಬೆಯ ಅಂಚಿಗೆ ಬಿತ್ತು. ಅವಳ ನಾಯಿ ಬೇರೆ ಕಡೆ ಓಡಿತು. ನೀವು ಎದ್ದು ಹೊರಟಿರಿ. ಕಣ್ಣು ಅಲ್ಲೇ ನೆಟ್ಟುಕೊಂಡು, ಆಚೆ ಈಚೆ ನೋಡದೆ, ದೇವರು ಮೈಮೇಲೆ ಬಂದವರ ಹಾಗೆ. ಮುಂದೆ ನೀರಿನ ಕಾಲುವೆ ಇತ್ತು. ನಾನು ಕೂಗುವಷ್ಟರಲ್ಲಿ ಮೊಣಕಾಲಿನ ತನಕ ಕೆಸರಿನಲ್ಲಿ ಇಳಿದಿದ್ದಿರಿ. “ಅಣ್ಣಾ, ಕಾಲ ಕೆಳಗೆ ನೋಡ್ರಣ್ಣಾ! ಆ ಹಕ್ಕಿ ಸತ್ತಾಗಿದೆ, ಅದು ಎದ್ದು ಬಸ್ ಹತ್ತಲ್ಲ!” ಅಂದೆ.

ಆಗ ನೀವು ನಕ್ಕಿರಿ. ಕೆಸರಿನಲ್ಲಿ ನಿಂತು, ಕಣ್ಣು ಮಾತ್ರ ಹಕ್ಕಿ ಬಿದ್ದ ಕಡೆಯೇ ಇಟ್ಟುಕೊಂಡು, ಗಟ್ಟಿಯಾಗಿ ನಕ್ಕಿರಿ. ನೀವು ನಗುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಮ್ಮ ಮನೆಗೆ ಅಷ್ಟು ಸಲ ಬಂದಿದ್ದೀರಿ, ಒಮ್ಮೆಯೂ ಇಲ್ಲ. ಕೈ ಹಿಡಿದು ಮೇಲೆ ಎಳೆಯಲು ಬಂದವಳು ಅಲ್ಲೇ ನಿಂತುಬಿಟ್ಟೆ, ನೆನಪಿದೆಯೇ? ಯಾಕೆ ನಿಂತಿರಿ ಅಂತ ನೀವು ಕೇಳಿದಿರಿ, ಸುಸ್ತು ಅಂದೆ.

ಸುಸ್ತಲ್ಲ. ಪ್ರತಿ ವರ್ಷ ಆ ಸಂಜೆ ಮನೆಗೆ ಬಂದು ಸಿಂಕಿನಲ್ಲಿ ಕೈ ತೊಳೆಯುತ್ತಾ ಇವರು ಮೊದಲು ಹೇಳುತ್ತಿದ್ದ ಸುದ್ದಿ ಹಕ್ಕಿಯದ್ದಾಗಿರಲಿಲ್ಲ. “ಶ್ರೀಕಂಠ ಇವತ್ತು ನಕ್ಕ ಕಣೇ” ಅನ್ನುತ್ತಿದ್ದರು. ಕೆಲವು ವರ್ಷ “ಈ ಸಲ ನಗಲಿಲ್ಲ” ಅಂತ ಹೇಳಿ ಸುಮ್ಮನೆ ಊಟಕ್ಕೆ ಕೂರುತ್ತಿದ್ದರು. “ಅವರು ನಕ್ಕರೆಷ್ಟು ಬಿಟ್ಟರೆಷ್ಟು, ಹಕ್ಕಿ ಎಷ್ಟು ತಂದ್ರಿ ಹೇಳಿ, ಒಲೆ ಮೇಲೆ ಎಸರು ಕುದೀತಾ ಐತೆ,” ಅನ್ನುತ್ತಿದ್ದೆ ನಾನು. ಹೋದ ವರ್ಷವೂ ಹೇಳಿದರು. ನನ್ನ ಗಮನ ಬೇರೆಲ್ಲೋ ಇತ್ತು.

ನಿಮಗೆ ಕೊಟ್ಟ ಮಾತು ತಪ್ಪದೆ, ವರ್ಷ ವರ್ಷವೂ ನನಗೆ ಹೇಳಿದ್ದಾರೆ. ನಾನು ಕೇಳಿಸಿಕೊಂಡಿರಲಿಲ್ಲ.

ಆ ದಿನ ನೀವು ನನ್ನನ್ನು ಮನೆಗೆ ಬಿಟ್ಟುಹೋದ ಮೇಲೆ ಒಳಗೆ ಬಂದು ಕೈ ತೊಳೆಯಲು ನಿಂತೆ. ನಿಸರ್ಗಾ ಫ್ರಿಜ್ಜಿನಿಂದ ಏನೋ ತೆಗೆಯುತ್ತಿದ್ದಳು.

“ಹೌ ವಾಸ್ ಇಟ್, ಅಮ್ಮಾ? ಎನಿ ಬರ್ಡ್ಸ್?”

“ಶ್ರೀಕಂಠ ಅಂಕಲ್ ಇವತ್ತು ನಕ್ಕರು ಕಣೇ,” ಅಂದೆ.

“ಸೋ?” ಅಂದಳು.

ನಲ್ಲಿ ನಿಲ್ಲಿಸದೆ ಹಾಗೇ ನಿಂತಿದ್ದೆ.

ಕೆಂಪಿ